ಬಿಳಿ ತಾಯಿ, ಕಪ್ಪು ತಂದೆ, ಮರಿ ಮಾತ್ರ ಕಾಡುಮೊಲದ ಬಣ್ಣ: ಯಾರಾದರೂ ಬಿಡಿಸಿ ಹೇಳ್ತೀರಾ?

ತಾರಸಿಗೂಡು | ನವೆಂಬರ್ 26, ರಾತ್ರಿ 9:40

ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ. ತಾರಸಿಯಲ್ಲಿ ನೀರಿನ ಟ್ಯಾಂಕ್ ಪಕ್ಕ ಶೀಟು ಹೊದಿಸಿ ಎರಡು ಮೊಲ ಸಾಕಿದ್ದೀವಿ. ಮಗ ಹಟ ಹಿಡಿದ ಅಂತ ತಂದದ್ದು, ಈಗ ಹುಲ್ಲು ಹಾಕೋದೂ ಹಿಕ್ಕೆ ಗುಡಿಸೋದೂ ನನ್ನ ಪಾಲಿಗೆ. ಹೆಣ್ಣು ಅಚ್ಚ ಬಿಳಿ, ಕೆಂಪು ಕಣ್ಣು. ಗಂಡು ಕಾಡಿಗೆ ಕಪ್ಪು, ಮೈಮೇಲೆ ಒಂದು ಬಿಳಿ ಕೂದಲಿಲ್ಲ. ಎರಡನ್ನೂ ಆಗಸ್ಟ್‌ನಲ್ಲಿ ಶಿವಾಜಿನಗರದ ಕಡೆಯಿಂದ ಬೇರೆ ಬೇರೆ ದಿನ ತಂದದ್ದು.

ನವೆಂಬರ್ 14ರ ಬೆಳಗ್ಗೆ ಎಂಟು ಮರಿ ಹಾಕಿದೆ. ಎರಡು ಅಪ್ಪನ ಹಾಗೆ ಕಪ್ಪು. ಮೂರು ಅಮ್ಮನ ಹಾಗೆ ಬಿಳಿ. ಉಳಿದ ಮೂರು ಇವರಿಬ್ಬರನ್ನೂ ಹೋಲಲ್ಲ! ಕಂದು, ಬೂದು, ಕಪ್ಪು ಎಲ್ಲ ಬೆರೆಸಿದ ಹಾಗೆ, ಹೊಟ್ಟೆ ಮಾತ್ರ ಬಿಳಿ. ನಮ್ಮ ಮಾವ ಶಿರಾ ಕಡೆಯವರು, ಹೊಲದಲ್ಲಿ ಕಾಡುಮೊಲ ನೋಡಿ ಬೆಳೆದವರು. "ಇದು ಕಾಡುಮೊಲದ್ದೇ ಮರಿ, ಅನುಮಾನವೇ ಬೇಡ" ಅಂತ ಕೂತಿದ್ದಾರೆ. ಮೂರನೇ ಮಹಡಿಗೆ ಕಾಡುಮೊಲ ಹೇಗೆ ಹತ್ತಿ ಬಂತು ಮಾವ ಅಂದರೆ ಉತ್ತರ ಇಲ್ಲ.

ಇನ್ನೊಂದು ಸಣ್ಣ ವಿಷಯ. ಹುಟ್ಟಿದ ಮೂರನೇ ರಾತ್ರಿ ಒಂದು ಬಿಳಿ ಮರಿ ಪೆಟ್ಟಿಗೆಯಿಂದ ಆಚೆ ಬಿದ್ದಿತ್ತು. ಬೆಳಗ್ಗೆ ನೋಡಿದಾಗ ಕಲ್ಲಿನ ಹಾಗೆ ತಣ್ಣಗಿತ್ತು. ಮಗ ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು ಅರ್ಧ ಗಂಟೆ ಕೂತ ಮೇಲೆ ಕಾಲು ಆಡಿಸಿತು. ಅದರ ಬೆನ್ನ ಮೇಲೆ ಈಗ ತೆಳ್ಳಗೆ ವಿಭೂತಿ ಸವರಿದ ಹಾಗೆ ಬೂದಿ ಛಾಯೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಕೊಳೆಯೋ ಕಾಯಿಲೆಯೋ ಗೊತ್ತಿಲ್ಲ.

ಕೆಂಗೇರಿ ಕ್ಯಾರೆಟ್ | ನವೆಂಬರ್ 26, ರಾತ್ರಿ 9:58

ಅಕ್ಕ, ಮಾವನವರ ಜೊತೆ ವಾದಕ್ಕೆ ಇಳೀಬೇಡಿ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಲೆಣಿಸಿ ನಾಲ್ಕಿದ್ದರೆ ಸಾಕು ಅಂದ್ಕೊಂಡು ಫೋಟೋ ಹಾಕಿ.

ಹೆಸರಘಟ್ಟ ರಸ್ತೆ | ನವೆಂಬರ್ 26, ರಾತ್ರಿ 10:20

ಹದಿನೈದು ವರ್ಷದಿಂದ ಮೊಲ ಸಾಕ್ತಾ ಇದ್ದೀನಿ, ಇಂಥದ್ದು ನೂರು ನೋಡಿದ್ದೀನಿ. ಮಾರಿದವನು ಗಬ್ಬದ ಹೆಣ್ಣನ್ನೇ ನಿಮಗೆ ದಾಟಿಸಿದ್ದಾನೆ. ಅಂಗಡಿಯಲ್ಲಿ ಗಂಡು ಹೆಣ್ಣು ಎಲ್ಲ ಒಂದೇ ಪಂಜರದಲ್ಲಿ ತುಂಬಿರ್ತಾರೆ. ಅಲ್ಲಿದ್ದ ಯಾವುದೋ ಬೂದು ಗಂಡಿನದು ಈ ಮರಿಗಳು.

ತಾರಸಿಗೂಡು | ನವೆಂಬರ್ 26, ರಾತ್ರಿ 10:31

ಇಲ್ಲ ಸರ್, ಆಗಸ್ಟ್‌ನಲ್ಲಿ ತಂದದ್ದು, ನವೆಂಬರ್‌ನಲ್ಲಿ ಈದಿದೆ. ಎರಡನ್ನೂ ಬೇರೆ ಬೇರೆ ಗೂಡಲ್ಲಿ ಇಟ್ಟಿದ್ದೆ. ಅಕ್ಟೋಬರ್ 14ಕ್ಕೆ ಹೆಣ್ಣನ್ನು ಗಂಡಿನ ಗೂಡಿಗೆ ಬಿಟ್ಟದ್ದು, ಕ್ಯಾಲೆಂಡರ್ ಮೇಲೆ ಬರೆದಿದ್ದೀನಿ. ಹಾಲು ಕಾರ್ಡಿನ ಕೆಳಗೆ.

ಹೆಬ್ಬಾಳದ ಹುಡುಗಿ | ನವೆಂಬರ್ 26, ರಾತ್ರಿ 10:55

ನಾನು ಪಶುವೈದ್ಯಕೀಯ ಓದ್ತಾ ಇದ್ದೀನಿ. 14ಕ್ಕೆ ಕೂಡಿಸಿ 14ಕ್ಕೆ ಮರಿ ಅಂದರೆ 31 ದಿನ. ಮೊಲದ ಗರ್ಭ 30ರಿಂದ 32 ದಿನ, ಹಾಗಾಗಿ ಲೆಕ್ಕ ಪಕ್ಕಾ. ಅಪ್ಪ ಆ ಕರಿಯನೇ.

ಕಾಡುಮೊಲದ ಮಾತು ಸಾಧ್ಯವೇ ಇಲ್ಲ ಆಂಟಿ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತೀವಿ, ಅದೇ ಗೊಂದಲ. ಶಿರಾದ ಹೊಲದಲ್ಲಿ ಓಡೋದು ಬೇರೆ ಜಾತಿ, ಅದಕ್ಕೆ 48 ಕ್ರೋಮೋಸೋಮ್. ನಾವು ಸಾಕೋದು ಮೂಲದಲ್ಲಿ ಸ್ಪೇನ್ ಕಡೆಯ ಬಿಲದ ಮೊಲ, ಅದಕ್ಕೆ 44. ಎರಡಕ್ಕೂ ಮರಿ ಹುಟ್ಟಲ್ಲ. ಮಾವನವರಿಗೆ ಒಂದೇ ಪ್ರಶ್ನೆ ಕೇಳಿ: ಮರಿ ಹುಟ್ಟಿದಾಗ ಮೈಮೇಲೆ ಕೂದಲಿತ್ತಾ, ಕಣ್ಣು ಬಿಟ್ಟಿತ್ತಾ? ಕಾಡುಮೊಲದ ಮರಿ ಹುಟ್ಟುವಾಗಲೇ ಕೂದಲು ಹೊದ್ದು, ಕಣ್ಣು ಬಿಟ್ಟು, ಓಡೋಕೆ ರೆಡಿಯಾಗಿ ಬರುತ್ತೆ. ನಿಮ್ಮವು ಬೆತ್ತಲೆ, ಕುರುಡು, ಹಸಿ ಶೇಂಗಾ ಬೀಜದ ಬಣ್ಣ ಇದ್ದಿರಬೇಕು.

ಅಂದಹಾಗೆ ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. "ನಮ್ಮ ಮನೇಲಿ ಕಾಡುಮೊಲದ ಮರಿ ಇದೆ" ಅಂತ ಮಾವ ಬೀದಿಯಲ್ಲೆಲ್ಲ ಹೇಳ್ಕೊಂಡು ಬಾರದಿದ್ದರೆ ಒಳ್ಳೇದು.

ಬಟಾಣಿ ಮೇಷ್ಟ್ರು | ನವೆಂಬರ್ 27, ಬೆಳಗ್ಗೆ 6:15

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಮೆಂಡೆಲ್ಲನ ಬಟಾಣಿ ಗಿಡ ಪಾಠ ಮಾಡಿ ನಿವೃತ್ತನಾದೆ. ಮೊಲದ ಲೆಕ್ಕ ಬಟಾಣಿಗಿಂತ ರುಚಿ. ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್ ಕಳೆದ ಶತಮಾನದ ಆರಂಭದಲ್ಲೇ ಮೊಲ ಸಾಕಿ ಸಾಕಿ ಈ ಬಣ್ಣಗಳ ಗಂಟು ಬಿಡಿಸಲು ಕೂತಿದ್ದ.

ತಾರಸಿಗೂಡು ಅವರೇ, ನಿಮ್ಮ ಎಂಟು ಮರಿಗಳೇ ಉತ್ತರ ಬರೆದುಕೊಂಡು ಹುಟ್ಟಿವೆ. ಬರೆಯುವ ಮುಂಚೆ ಅಕ್ಷರದ ಒಂದು ತಾಪತ್ರಯ. ಇಂಗ್ಲಿಷಿನವರು ಪ್ರಬಲ ಜೀನಿಗೆ ದೊಡ್ಡಕ್ಷರ, ದುರ್ಬಲಕ್ಕೆ ಸಣ್ಣಕ್ಷರ ಬರೀತಾರೆ. ನಮ್ಮಲ್ಲಿ ದೊಡ್ಡದು ಸಣ್ಣದು ಇಲ್ಲ, ಆದರೆ ದೀರ್ಘ ಹ್ರಸ್ವ ಇದೆಯಲ್ಲ! ಹಾಗಾಗಿ ದೀರ್ಘ ಬರೆದರೆ ಪ್ರಬಲ, ಹ್ರಸ್ವ ಬರೆದರೆ ದುರ್ಬಲ. ತರಗತಿಯಲ್ಲಿ ನಾನು ಹೀಗೇ ಬರೆಸ್ತಿದ್ದೆ.

ಮೊದಲು ಬಿಳಿ. ಕೆಂಪು ಕಣ್ಣಿನ ಬಿಳಿ ಅನ್ನೋದು ಒಂದು ಬಣ್ಣವೇ ಅಲ್ಲ. ದೀಪ ಸುಟ್ಟುಹೋದ ಟೂರಿಂಗ್ ಟಾಕೀಸು ಇದ್ದ ಹಾಗೆ: ಒಳಗೆ ರೀಲು ಸುತ್ತುತ್ತಲೇ ಇದೆ, ಪರದೆ ಮೇಲೆ ಮಾತ್ರ ಏನೂ ಬೀಳಲ್ಲ. ಬಣ್ಣ ತಯಾರಿಸುವ ಜೀನ್ ಚೆನ್ನಾಗಿದ್ದರೆ ಅದು ಸೀ. ಪೂರ್ತಿ ಕೆಟ್ಟಿದ್ದರೆ ಸಿ. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಎರಡೂ ಸಿ ಬಂದ ಮೊಲ ಬಿಳಿ. ಅದು ಮೈಯೊಳಗೆ ಕಪ್ಪು, ಕಂದು, ನೀಲಿ ಯಾವ ರೀಲನ್ನು ಬೇಕಾದರೂ ಇಟ್ಟುಕೊಂಡಿರಬಹುದು. ನೋಡಿದರೆ ಗೊತ್ತಾಗಲ್ಲ.

ಎರಡನೆಯದು ನಿಮ್ಮ ಮಾವನವರ ಕಾಡುಬಣ್ಣ. ಇದಕ್ಕೆ ಅಗೂಟಿ ಅಂತಾರೆ, ಜೀನಿನ ಹೆಸರು ಏ. ಒಂದು ಏ ಇದ್ದರೆ ಸಾಕು, ಒಂದೊಂದು ಕೂದಲಿಗೂ ಪಟ್ಟೆ ಬೀಳುತ್ತೆ. ಎರಡೂ ಎ ಆದರೆ ಪಟ್ಟೆ ಇಲ್ಲ, ಕೂದಲು ಬುಡದಿಂದ ತುದಿವರೆಗೆ ಒಂದೇ ಬಣ್ಣ. ನಿಮ್ಮ ಗಂಡು ಅಪ್ಪಟ ಕಪ್ಪು, ಅಂದಮೇಲೆ ಎ ಎ. ಅವನ ಜೇಬಿನಲ್ಲಿ ಏ ಇಲ್ಲ. ಹಾಗಾದರೆ ಆ ಮೂರು ಮರಿಗಳ ಏ ಬಂದದ್ದು ಯಾರಿಂದ? ಬಿಳಿ ತಾಯಿಯಿಂದ. ಅವಳು ಬಿಳಿ ಬಟ್ಟೆ ಹೊದ್ದ ಕಾಡುಬಣ್ಣದ ಮೊಲ, ಅಷ್ಟೇ. ಎರಡು ಮರಿ ಕಪ್ಪು ಹುಟ್ಟಿವೆ, ಅವಕ್ಕೆ ತಾಯಿಯಿಂದಲೂ ಎ ಸಿಕ್ಕಿರಬೇಕು. ಆದ್ದರಿಂದ ತಾಯಿ ಏ ಎ.

ಮೂರು ಬಿಳಿ ಮರಿ ಬೇರೆ ಇವೆ. ಬಿಳಿ ಆಗಬೇಕಾದರೆ ಅಪ್ಪನಿಂದಲೂ ಸಿ ಬರಬೇಕು. ಹಾಗಾಗಿ ಕರಿಯ ಸೀ ಸಿ. ಈ ಜೋಡಿಗೆ ಅರ್ಧ ಬಿಳಿ, ಕಾಲು ಭಾಗ ಕಾಡುಬಣ್ಣ, ಕಾಲು ಭಾಗ ಕಪ್ಪು ಬರಬೇಕು. ಎಂಟಕ್ಕೆ ನಾಲ್ಕು, ಎರಡು, ಎರಡು. ನಿಮಗೆ ಮೂರು, ಮೂರು, ಎರಡು. ಎಂಟು ಸಲ ನಾಣ್ಯ ಚಿಮ್ಮಿದರೆ ನಾಲ್ಕೇ ಬೀಳಬೇಕು ಅಂತ ಕಾನೂನಿಲ್ಲ.

ಒಂದೇ ಅನುಮಾನ. ಕರಿಯನ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಬಂಗಾರದ ತುದಿಯ ಕೂದಲು ಇದೆಯಾ ಬಿಸಿಲಲ್ಲಿ ನೋಡಿ. ಇದ್ದರೆ ಅದು ಸ್ಟೀಲ್ ಅನ್ನೋ ಬೇರೆ ಜೀನಿನ ಆಟ, ಅದು ಕಾಡುಬಣ್ಣವನ್ನೇ ಕಪ್ಪು ಮಾಡಿ ತೋರಿಸುತ್ತೆ. ಆಗ ನನ್ನ ಲೆಕ್ಕ ಅಳಿಸಿ ಮತ್ತೆ ಬರೀಬೇಕು. ಬೆನ್ನ ಮೇಲಿನ ಬೂದಿ ಗೂಡಿನ ಕೊಳೆ ಇರಬೇಕು, ಮುಂದಿನ ಸಲ ಕೂದಲು ಉದುರಿದಾಗ ಹೋಗುತ್ತೆ.

ತಾರಸಿಗೂಡು | ನವೆಂಬರ್ 27, ಮಧ್ಯಾಹ್ನ 1:10

ಮೇಷ್ಟ್ರೇ, ಮೊಬೈಲ್ ಪಕ್ಕಕ್ಕಿಟ್ಟು ಪೆನ್ನು ಹಿಡಿದು ಓದಿದೆ. ಕರಿಯನನ್ನು ಬಿಸಿಲಿಗೆ ತಂದು ಮಗನೂ ನಾನೂ ಬೆನ್ನೆಲ್ಲ ಹೆಕ್ಕಿದೆವು, ಹೇನು ನೋಡೋ ಹಾಗೆ. ಬಂಗಾರದ ಒಂದು ಕೂದಲೂ ಇಲ್ಲ. ಮಾವನವರಿಗೆ ಕಣ್ಣು ಮುಚ್ಚಿದ ಮರಿಯ ಪ್ರಶ್ನೆ ಕೇಳಿದೆ. "ಪೇಟೆ ಗಾಳಿಗೆ ಹಾಗಾಗುತ್ತೆ" ಅಂದರು.

ಬಟಾಣಿ ಮೇಷ್ಟ್ರು | ನವೆಂಬರ್ 27, ಮಧ್ಯಾಹ್ನ 2:05

ಇನ್ನೆರಡು ವಾರ ಬಿಟ್ಟು ಕಾಡುಬಣ್ಣದ ಮರಿಯ ಬೆನ್ನಿಗೆ ಮೆಲ್ಲಗೆ ಊದಿ. ಕೂದಲು ಹೂವಿನ ಹಾಗೆ ಬಿರಿದು ಉಂಗುರ ಉಂಗುರ ಕಾಣುತ್ತೆ. ಬುಡದಲ್ಲಿ ಸ್ಲೇಟಿನ ಬಣ್ಣ, ನಡುವೆ ಅರಿಶಿನ ಕಂದು, ತುದಿಯಲ್ಲಿ ಕಪ್ಪು. ಮಾವನವರಿಗೂ ತೋರಿಸಿ.

ಬೂದಿ ಮರಿ ಕೋಲಾರ | ನವೆಂಬರ್ 28, ಸಂಜೆ 7:22

ಮಧ್ಯೆ ಬಾಯಿ ಹಾಕ್ತೀನಿ, ಬೇಜಾರಿಲ್ಲ ತಾನೆ. ಕೆ.ಆರ್. ಪುರದಲ್ಲಿ ರೂಮು ಮಾಡ್ಕೊಂಡಿದ್ದೀನಿ, ಊರಲ್ಲಿ ಅಪ್ಪ ಮೊಲ ಸಾಕ್ತಾರೆ. ನಮ್ಮದು ಕಪ್ಪುಕಪ್ಪು ಜೋಡಿ. ಏಳು ಮರಿಯಲ್ಲಿ ಎರಡು ಸಿಮೆಂಟಿನ ಬಣ್ಣ. ಅಪ್ಪ ರಕ್ತ ಕಡಿಮೆ ಇದೆ ಅಂತ ಟಾನಿಕ್ ಹಾಕ್ತಾ ಇದ್ದಾರೆ.

ಬಟಾಣಿ ಮೇಷ್ಟ್ರು | ನವೆಂಬರ್ 28, ರಾತ್ರಿ 8:01

ಟಾನಿಕ್ ನಿಲ್ಲಿಸಿ ತಮ್ಮಾ! ಮರಿ ಗಟ್ಟಿಮುಟ್ಟಾಗಿದೆ. ಅದು ಡೀ ಮತ್ತು ಡಿ. ಡೀ ಇದ್ದರೆ ಬಣ್ಣದ ಕಣ ಕೂದಲಲ್ಲಿ ಸಮನಾಗಿ ಹರಡಿ ಗಾಢವಾಗಿ ಕಾಣುತ್ತೆ. ಎರಡೂ ಡಿ ಆದರೆ ಕಣಗಳು ಗುಡ್ಡೆ ಗುಡ್ಡೆಯಾಗಿ ಕೂರುತ್ತವೆ, ಕಪ್ಪು ತೆಳುವಾಗಿ ಬೂದಿಯಾಗುತ್ತೆ. ಇದನ್ನು ಬ್ಲೂ ಅಂತಾರೆ, ನನಗಂತೂ ಯಾವತ್ತೂ ನೀಲಿ ಕಂಡಿಲ್ಲ. ನಿಮ್ಮ ಜೋಡಿ ಎರಡೂ ಡೀ ಡಿ, ನಾಲ್ಕಕ್ಕೆ ಒಂದು ಬೂದಿ. ಆ ಬೂದಿ ಮರಿಗೆ ಬೇರೆ ಮನೆಯ ಬೂದಿ ಜೋಡಿ ಹಾಕಿದರೆ ಹುಟ್ಟೋದೆಲ್ಲ ತೆಳು ಬಣ್ಣವೇ, ಗಾಢ ಕಪ್ಪು ಎಂದೂ ಬರಲ್ಲ.

ಬೂದಿ ಮರಿ ಕೋಲಾರ | ನವೆಂಬರ್ 28, ರಾತ್ರಿ 8:09

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಟಾನಿಕ್ ಹಾಕಿದ್ದಕ್ಕೇ ಗಟ್ಟಿಮುಟ್ಟಾಗಿರೋದು" ಅಂದರು. 🙏

ಹೆಸರಘಟ್ಟ ರಸ್ತೆ | ನವೆಂಬರ್ 29, ಬೆಳಗ್ಗೆ 7:30

ಮೇಷ್ಟ್ರು ಹೇಳಿದ್ದು ಓದಿದ ಮೇಲೆ ನನ್ನ ಹಳೇ ನೋಟ್‌ಬುಕ್ ತೆಗೆದೆ. ಕೊಡೈಕೆನಾಲ್ ಹತ್ತಿರ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನೆಯ ಕೇಂದ್ರ ಇದೆ, ಅಲ್ಲಿನ ಸೋವಿಯತ್ ಚಿಂಚಿಲ್ಲಾ ತಳಿಯ ಒಂದು ಗಂಡು ಸ್ನೇಹಿತರಿಂದ ನನ್ನ ಕೈಗೆ ಬಂದಿತ್ತು. ಬೆಳ್ಳಿ ಬಣ್ಣ, ಊದಿದರೆ ಉಂಗುರ, ಆದರೆ ಅರಿಶಿನದ ಜಾಗದಲ್ಲಿ ಮುತ್ತಿನ ಬಿಳುಪು. ಅದನ್ನು ಬಿಳಿ ಹೆಣ್ಣುಗಳಿಗೆ ಹಾಕಿದರೆ ಒಂದೂ ಬಿಳಿ ಬರ್ತಿರಲಿಲ್ಲ, ಎಲ್ಲ ಬೆಳ್ಳಿ. ಆವಾಗ ಗಂಡಿನ ಜೋರು ಅಂದ್ಕೊಂಡಿದ್ದೆ. ಇದೂ ಆ ಸೀ ಲೆಕ್ಕಾನಾ?

ಹೆಬ್ಬಾಳದ ಹುಡುಗಿ | ನವೆಂಬರ್ 29, ಬೆಳಗ್ಗೆ 9:12

ಹೌದು ಸರ್. ಆ ಜಾಗದಲ್ಲಿ ಸೀ, ಸಿ ಎರಡೇ ಅಲ್ಲ, ನಡುವೆ ಮೆಟ್ಟಿಲುಗಳಿವೆ. ಮೇಷ್ಟ್ರ ಅಕ್ಷರದಲ್ಲೇ ಹೇಳೋದಾದರೆ ಚಿಂಚಿಲ್ಲಾಗೆ ಸಿಚಿ, ಹಿಮಾಲಯನ್ ಅನ್ನೋ ಇನ್ನೊಂದು ಬಣ್ಣಕ್ಕೆ ಸಿಹಿ. 😄 ಮೇಲಿಂದ ಕೆಳಕ್ಕೆ ಸೀ, ಸಿಚಿ, ಸಿಹಿ, ಕೊನೆಗೆ ಸಪ್ಪೆ ಸಿ. ಸಿಚಿ ಹಳದಿಯನ್ನು ಒರೆಸಿ ಕಪ್ಪನ್ನು ಉಳಿಸುತ್ತೆ. ಸೇಬಲ್ ಬಣ್ಣ ಕೊಡುವ ಇನ್ನೊಂದು ಮೆಟ್ಟಿಲೂ ನಡುವೆ ಇದೆ, ಅದನ್ನ ಈಗ ಬಿಡಿ. ನಿಮ್ಮ ಗಂಡು ಎರಡೂ ಸಿಚಿ ಇದ್ದದ್ದು, ಅದಕ್ಕೇ ಬಿಳಿ ಹುಟ್ಟಲಿಲ್ಲ.

ಕ್ಯಾರೆಟ್ ಬೇಡ | ನವೆಂಬರ್ 30, ರಾತ್ರಿ 11:05

ಎಲ್ಲರೂ ಬಣ್ಣದ ಗುಂಗಲ್ಲಿದ್ದೀರಿ. ನಾನು ಬಿಟ್ಟುಹೋದ ಮೊಲಗಳನ್ನು ತಂದು ಆರೈಕೆ ಮಾಡೋಳು, ಹಾಗಾಗಿ ಸ್ವಲ್ಪ ಕಹಿ ಮಾತು. ಇವರ ಎಂಟು ಮರಿ ಯಾರ ಮನೆಗೆ ಹೋಗುತ್ತೆ? ಕೇಳಿದವರಿಗೆಲ್ಲ ಮೂರು ವಾರದ ಮರಿ ಕೊಡಬೇಡಿ. ಕನಿಷ್ಠ ಆರು ವಾರ ತಾಯಿ ಹತ್ತಿರ ಇರಲಿ.

ಇನ್ನೊಂದು, ಬಣ್ಣದ ಆಸೆಗೆ ಚುಕ್ಕೆ ಮೊಲಕ್ಕೆ ಚುಕ್ಕೆ ಮೊಲವನ್ನೇ ಜೋಡಿ ಹಾಕೋರಿದ್ದಾರೆ. ದಯವಿಟ್ಟು ಬೇಡ. ಚುಕ್ಕೆಯ ಜೀನ್ ಒಂದಿದ್ದರೆ ಬಿಳಿ ಮೈಮೇಲೆ ಚೆಂದದ ಮಚ್ಚೆ. ಎರಡು ಸೇರಿದರೆ ಮೈಯೆಲ್ಲ ಬಿಳಿ, ಕಿವಿ, ಕಣ್ಣಂಚಲ್ಲಿ ಮಾತ್ರ ಬಣ್ಣ, ಮೂಗಿನ ಕೆಳಗೆ ಚಾಪ್ಲಿನ್ ಮೀಸೆಯಷ್ಟು. ಅವಕ್ಕೆ ಚಾರ್ಲಿ ಅಂತಾನೇ ಹೆಸರು. ಹೆಸರು ಮುದ್ದು, ಬಾಳು ಅಲ್ಲ. ಇವುಗಳಲ್ಲಿ ದೊಡ್ಡ ಕರುಳು ಊದಿಕೊಂಡು ಸರಿಯಾಗಿ ಕೆಲಸ ಮಾಡದಿರೋದು ಜಾಸ್ತಿ. ನನ್ನ ಹತ್ತಿರ ಒಂದಿತ್ತು. ಹಿಕ್ಕೆ ಕಡಲೆಕಾಳಿನ ಹಾಗೆ ಗುಂಡಗೆ ಬರ್ತಿರಲಿಲ್ಲ, ಒಂದು ದಿನ ಹುಣಸೆಬೀಜದಷ್ಟು ದಪ್ಪ, ಒಂದು ದಿನ ಅಂಟು, ಒಂದು ದಿನ ಏನೂ ಇಲ್ಲ. ಎರಡು ವರ್ಷ ಹೊಟ್ಟೆ ನೀವಿಕೊಂಡೇ ಬದುಕಿಸಿದೆ. ಮಾರಿದವನಿಗೆ ಅದು "ಅಪರೂಪದ ಬಿಳಿ ಪೀಸ್".

ಹೆಬ್ಬಾಳದ ಹುಡುಗಿ | ನವೆಂಬರ್ 30, ರಾತ್ರಿ 11:40

ನೂರಕ್ಕೆ ನೂರು ನಿಜ ಅಕ್ಕ. ಆ ಜೀನ್ ಬರೀ ಬಣ್ಣದ್ದಲ್ಲ. ಭ್ರೂಣದಲ್ಲಿ ಬಣ್ಣದ ಕೋಶಗಳು ಚರ್ಮಕ್ಕೆ ಹೋಗಿ ನೆಲೆಸೋಕೆ ಬೇಕಾದ ಕಿಟ್ ಜೀನೇ ಅದು, ಕರುಳಿನ ಚಲನೆಗೂ ಅದು ಬೇಕು. ಚುಕ್ಕೆಗೆ ಚುಕ್ಕೆ ಹಾಕಿದರೆ ಕಾಲು ಭಾಗ ಚಾರ್ಲಿ. ಚುಕ್ಕೆಗೆ ಒಂದೇ ಬಣ್ಣದ ಮೊಲ ಹಾಕಿದರೆ ಅರ್ಧ ಚುಕ್ಕೆ ಬರುತ್ತೆ, ಚಾರ್ಲಿ ಒಂದೂ ಇಲ್ಲ. ಚುಕ್ಕೆ ಮರಿಗಳ ಲೆಕ್ಕ ಎರಡರಲ್ಲೂ ಅರ್ಧವೇ. ಹಾಗಿರುವಾಗ ಯಾಕೆ ಹಾಕ್ತಾರೋ ನನಗಂತೂ ಅರ್ಥ ಆಗಲ್ಲ.

ಕೆಂಗೇರಿ ಕ್ಯಾರೆಟ್ | ಡಿಸೆಂಬರ್ 1, ಬೆಳಗ್ಗೆ 8:45

ನಾನು ಹೆಸರು ಬದಲಾಯಿಸ್ಕೊಳ್ಳಬೇಕಾ ಅಕ್ಕ?

ಕ್ಯಾರೆಟ್ ಬೇಡ | ಡಿಸೆಂಬರ್ 1, ಬೆಳಗ್ಗೆ 8:52

ವಾರಕ್ಕೊಂದು ತುಂಡು ಪರವಾಗಿಲ್ಲ. ಹುಲ್ಲು ಕೆಂಗೇರಿ ಅಂತ ಇಟ್ಕೊಳ್ಳಿ.

ತಾರಸಿಗೂಡು | ಡಿಸೆಂಬರ್ 14, ರಾತ್ರಿ 9:15

ತಿಂಗಳಾಯ್ತು, ಎಂಟೂ ಚೆನ್ನಾಗಿವೆ. ಊದಿ ನೋಡಿದ್ವಿ ಮೇಷ್ಟ್ರೇ, ಉಂಗುರ ಬಂತು! ಮಗ ಶಾಲೆಯಿಂದ ಬಂದವನೇ ದಿನಾ ಊದ್ತಾ ಇದ್ದಾನೆ. ಪಾಪ, ಮರಿಗಳು ಅವನನ್ನು ಕಂಡರೆ ಓಡ್ತಾವೆ.

ಆದರೆ ಹೊಸ ಒಗಟು. ಮೂರೂ ಬಿಳಿ ಮರಿಗಳ ಮೂಗು ಕೊಳೆ ಆಗ್ತಾ ಇದೆ. ಮೊದಲು ಅಂದ್ಕೊಂಡೆ, ಬೂಸದ ತಟ್ಟೆಯಲ್ಲಿ ಮುಖ ಹಾಕಿದ್ದಾವೆ ಅಂತ. ಒರೆಸಿದೆ, ಹೋಗಲಿಲ್ಲ. ನಾಲ್ಕು ದಿನದಲ್ಲಿ ಕಿವಿ ತುದಿ ಕೂಡ ಮಸಿ ಹಿಡಿದ ಬತ್ತಿ ಹಾಗೆ ಆಯ್ತು. ಇವತ್ತು ನೋಡಿದರೆ ಪಾದ, ಬಾಲ ಕೂಡ. ಎರಡಕ್ಕೆ ದಟ್ಟವಾಗಿ, ಒಂದಕ್ಕೆ ಸ್ವಲ್ಪ ತೆಳುವಾಗಿ. ಕಣ್ಣು ಮಾತ್ರ ಅದೇ ಕೆಂಪು. ಪೆಟ್ಟಿಗೆಯಿಂದ ಬಿದ್ದಿತ್ತಲ್ಲ, ಆ ಮರಿಯ ಬೆನ್ನಿನ ಬೂದಿ ಇನ್ನೂ ಇದೆ. ತುರಿ ಕಜ್ಜಿ ಏನಾದರೂ ಇರಬಹುದಾ?

ಹೆಬ್ಬಾಳದ ಹುಡುಗಿ | ಡಿಸೆಂಬರ್ 14, ರಾತ್ರಿ 9:33

ಆಂಟಿ!! ಕಜ್ಜಿ ಅಲ್ಲ. ಕಜ್ಜಿ ಆದರೆ ಹೊಪ್ಪಳಿಕೆ ಇರುತ್ತೆ, ಕೆರ್ಕೊಳ್ತಾವೆ. ಈಗಲೇ ಒಂದು ಕೆಲಸ ಮಾಡಿ. ತಾಯಿಯ ಉಗುರು ನೋಡಿ. ಬೆಳಕು ಹಿಡಿದು. ಬಿಳಿಯಾ, ಕಪ್ಪಾ?

ತಾರಸಿಗೂಡು | ಡಿಸೆಂಬರ್ 14, ರಾತ್ರಿ 9:50

ತಾಯಿಯ ಉಗುರು ಅಕ್ಕಿಕಾಳಿನ ಹಾಗೆ ಬಿಳಿ. ಮೂಗು, ಕಿವಿ ಎಲ್ಲೂ ಕಪ್ಪಿಲ್ಲ. ಮರಿಗಳ ಉಗುರು ಕಪ್ಪಗಿವೆ! ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.

ಬಟಾಣಿ ಮೇಷ್ಟ್ರು | ಡಿಸೆಂಬರ್ 15, ಬೆಳಗ್ಗೆ 5:50

ರಾತ್ರಿಯೇ ಓದಿದೆ, ನಿದ್ದೆ ಬರಲಿಲ್ಲ. ನಾನು ತಪ್ಪು ಹೇಳಿದ್ದೆ. ನಿಮ್ಮ ಮಾವನವರ ಮೊಲಕ್ಕಷ್ಟೇ ಅಲ್ಲ, ನನ್ನದಕ್ಕೂ ಮೂರೇ ಕಾಲು ಆಗಿತ್ತು.

ಮೂರು ಬಿಳಿ ಮರಿ ಕಂಡ ತಕ್ಷಣ ಕರಿಯ ಸೀ ಸಿ ಅಂತ ತೀರ್ಪು ಕೊಟ್ಟುಬಿಟ್ಟೆ. ಆ ಮರಿಗಳು ಬಿಳಿಯಲ್ಲ, ಹಿಮಾಲಯನ್. ತಾಯಿಯ ಉಗುರು ಬಿಳಿ, ಮೈಮೇಲೆ ಎಲ್ಲೂ ಕಪ್ಪಿಲ್ಲ, ಅಂದಮೇಲೆ ಅವಳು ನಿಜವಾದ ಸಿ ಸಿ. ಸಿಹಿ ಅವಳ ಹತ್ತಿರ ಇಲ್ಲ, ಇದ್ದಿದ್ದರೆ ಸಪ್ಪೆ ಸಿ ಅದನ್ನು ಮುಚ್ಚೋಕಾಗಲ್ಲ, ಮೂಗು ಕಪ್ಪಾಗ್ತಿತ್ತು. ಉಳಿದವನು ಕರಿಯ. ಅವನು ಸೀ ಸಿಹಿ. ಒಂದು ಸೀ ಇದ್ದದ್ದರಿಂದ ಅವನ ಸಿಹಿ ಕಾಡಿಗೆಯ ಅಡಿ ಅಡಗಿ ಕೂತಿತ್ತು.

ಸೀ ಸಿ ಆದರೂ ಅರ್ಧ ಮರಿ ಬಿಳಿ, ಸೀ ಸಿಹಿ ಆದರೂ ಹುಟ್ಟಿದಾಗ ಅರ್ಧ ಮರಿ ಬಿಳಿಯಾಗೇ ಕಾಣುತ್ತೆ. ಎಣಿಕೆ ಎರಡಕ್ಕೂ ಒಂದೇ. ನೂರು ಮರಿ ಎಣಿಸಿದ್ದರೂ ನನಗೆ ಗೊತ್ತಾಗ್ತಿರಲಿಲ್ಲ. ಗೊತ್ತಾಗೋಕೆ ಒಂದು ದಾರಿ ಇತ್ತು, ನೀವು ಮೊದಲ ದಿನವೇ ಬರೆದಿದ್ರಿ, ನಾನೇ ಅದನ್ನು ಕೊಳೆ ಅಂತ ತಳ್ಳಿಹಾಕಿದೆ. ಬೆನ್ನಿನ ಬೂದಿ.

ಸಿಹಿ ಜೀನ್ ಪೂರ್ತಿ ಕೆಟ್ಟಿಲ್ಲ, ಅದಕ್ಕೆ ಶಾಖ ಆಗಲ್ಲ ಅಷ್ಟೇ. ಅದು ತಯಾರಿಸೋ ಟೈರೋಸಿನೇಸ್ ಅನ್ನೋ ಕಿಣ್ವ ಮೈ ಬಿಸಿಯಲ್ಲಿ ಕೆಲಸ ಮಾಡದೆ ಕೂರುತ್ತೆ, ತಣ್ಣಗಿರೋ ಕಡೆ ಬಣ್ಣ ಮಾಡುತ್ತೆ. ಮೊಲದ ಮೈಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್. ಮೂಗು, ಕಿವಿ, ಪಾದ, ಬಾಲ ಅದಕ್ಕಿಂತ ತಣ್ಣಗೆ, ಹಾಗಾಗಿ ಅಲ್ಲಿ ಮಾತ್ರ ಕಪ್ಪು. ಸಯಾಮೀಸ್ ಬೆಕ್ಕಿನದೂ ಇದೇ ಕಥೆ. ಹಿಂದೆ ಪ್ರಯೋಗಾಲಯಗಳಲ್ಲಿ ಹಿಮಾಲಯನ್ ಮೊಲದ ಬೆನ್ನ ಕೂದಲು ಬೋಳಿಸಿ, ಅಲ್ಲಿಗೆ ಮಂಜುಗಡ್ಡೆ ಚೀಲ ಕಟ್ಟಿ, ಹೊಸ ಕೂದಲು ಕಪ್ಪಗೆ ಹುಟ್ಟೋದನ್ನು ತೋರಿಸಿದ್ದರು. ಪಠ್ಯಪುಸ್ತಕದಲ್ಲಿ ಆ ಚಿತ್ರ ತೋರಿಸಿ ನಾನೇ ಎಷ್ಟು ಸಲ ಪಾಠ ಮಾಡಿದ್ದೇನೆ. ನಿಮ್ಮ ತಾರಸಿಯಲ್ಲಿ ಮಂಜುಗಡ್ಡೆ ಕೆಲಸವನ್ನು ನವೆಂಬರ್ ರಾತ್ರಿಯ ಚಳಿ ಮಾಡಿದೆ. ಮೂರನೇ ದಿನ ಕೂದಲು ಆಗತಾನೆ ಚಿಗುರುವ ಹೊತ್ತು. ಮರಿ ತಣ್ಣಗಾದ ಆ ಕೆಲವು ಗಂಟೆ ಬೆನ್ನಲ್ಲಿ ಕಿಣ್ವ ಎಚ್ಚರಾಯ್ತು, ಚಿಗುರಿದಷ್ಟು ಕೂದಲಿಗೆ ಬಣ್ಣ ಬಿತ್ತು. ಅಂಗಿಯೊಳಗೆ ಬೆಚ್ಚಗಾದ ಮೇಲೆ ಮತ್ತೆ ನಿಂತಿತು. ನಿಜವಾದ ಸಿ ಸಿ ಮರಿಯನ್ನು ರಾತ್ರಿಯೆಲ್ಲ ಆಚೆ ಬಿಟ್ಟಿದ್ದರೂ ಒಂದು ಕೂದಲು ಬೂದಿ ಆಗ್ತಿರಲಿಲ್ಲ.

ನಿಮ್ಮ ಮಗನಿಗೆ ಹೇಳಿ, ಆ ಬೂದಿ ಗೆರೆ ಅವನು ಮರಿ ಎತ್ತಿಕೊಂಡ ಹೊತ್ತಿನ ಗುರುತು.

ಕೆಂಗೇರಿ ಕ್ಯಾರೆಟ್ | ಡಿಸೆಂಬರ್ 15, ಬೆಳಗ್ಗೆ 7:20

ಗುರೂ, ಬಸ್ಸಲ್ಲಿ ಓದಿ ಸ್ಟಾಪ್ ಮಿಸ್ ಮಾಡ್ಕೊಂಡೆ. ನಾಯಂಡಹಳ್ಳಿಯಲ್ಲಿ ಇಳೀಬೇಕಿತ್ತು.

ಹೆಸರಘಟ್ಟ ರಸ್ತೆ | ಡಿಸೆಂಬರ್ 15, ಬೆಳಗ್ಗೆ 10:02

ಮೇಷ್ಟ್ರೇ, ನನ್ನದೊಂದು ಹಳೇ ಜಗಳ ಇವತ್ತು ಮುಗೀತು. ಕೆಲವು ವರ್ಷದ ಹಿಂದೆ ಒಬ್ಬರಿಂದ ಕ್ಯಾಲಿಫೋರ್ನಿಯನ್ ಜೋಡಿ ತಂದಿದ್ದೆ. ಜನವರಿಯಲ್ಲಿ ತಂದಾಗ ಮೂಗು ಕಿವಿ ಇದ್ದಿಲ ಹಾಗಿತ್ತು. ಏಪ್ರಿಲ್ ಮೇ ಬಿಸಿಲಲ್ಲಿ ಕೂದಲು ಉದುರಿ ಹೊಸದು ಬಂದಾಗ ಮೂಗು ಕಾಫಿ ಡಿಕಾಕ್ಷನ್‌ಗೆ ಹಾಲು ಹಾಕಿದ ಹಾಗಾಯ್ತು. ಬಣ್ಣ ಹಚ್ಚಿ ಮಾರಿದ್ದಾನೆ ಅಂತ ಫೋನ್ ಮಾಡಿ ಬೈದಿದ್ದೆ. ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಶೆಡ್ಡಿಗೆ ಆಗ ತಗಡಿನ ಮಾಡು, ಮಧ್ಯಾಹ್ನ ಒಳಗೆ ನಿಲ್ಲೋಕಾಗ್ತಿರಲಿಲ್ಲ.

ಹೆಬ್ಬಾಳದ ಹುಡುಗಿ | ಡಿಸೆಂಬರ್ 15, ಬೆಳಗ್ಗೆ 11:30

ಕ್ಯಾಲಿಫೋರ್ನಿಯನ್ ತಳಿಯದ್ದೂ ಇದೇ ಸಿಹಿ ಸರ್. 1923ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಹಿಮಾಲಯನ್, ಚಿಂಚಿಲ್ಲಾ ಬೆರೆಸಿ, ಆಮೇಲೆ ನ್ಯೂಜಿಲೆಂಡ್ ವೈಟ್ ಸೇರಿಸಿ ಮಾಡಿದ್ದು. ಬೇಸಿಗೆಯಲ್ಲಿ ತೆಳುವಾಗೋದು ಸಹಜ. ಆದರೆ ತಗಡಿನ ಮಾಡು ಬಣ್ಣಕ್ಕಷ್ಟೇ ತೊಂದರೆ ಅಲ್ಲ. 30 ಡಿಗ್ರಿ ದಾಟಿದರೆ ಗಂಡು ಮೊಲದ ಬೀಜವೇ ಕೆಲವು ವಾರ ದುರ್ಬಲ ಆಗುತ್ತೆ, ಹೆಣ್ಣು ಗಬ್ಬ ಕಟ್ಟಲ್ಲ. ತಾರಸಿಗೂಡು ಆಂಟಿ, ನಿಮ್ಮ ಶೀಟಿನ ಮೇಲೆ ಮಾರ್ಚ್ ಬರೋ ಮುಂಚೆ ತೆಂಗಿನ ಗರಿ ಹೊದಿಸಿ.

ಮೇಷ್ಟ್ರ ಲೆಕ್ಕಕ್ಕೆ ಒಂದು ಬಾಲ ಸೇರಿಸ್ತೀನಿ. ಎಂಟೂ ಮರಿಗೆ ಅಮ್ಮನಿಂದ ಬಂದದ್ದು ಸಿ ಒಂದೇ, ಅವಳ ಹತ್ತಿರ ಬೇರೆ ಇಲ್ಲವೇ ಇಲ್ಲ. ಕಪ್ಪು ಮತ್ತು ಕಾಡುಬಣ್ಣದವು ಸೀ ಸಿ. ಮಸಿ ಮೂಗಿನವು ಸಿಹಿ ಸಿ. ಜೊತೆಗೆ ಒಂದು ಸಪ್ಪೆ ಸಿ ಇದ್ದರೆ ಮೂಗಿನ ಬಣ್ಣ ಸ್ವಲ್ಪ ತೆಳು ಬರುತ್ತೆ. ಮೂರರಲ್ಲಿ ಒಂದಕ್ಕೆ ಇನ್ನೂ ತೆಳು ಅಂದ್ರಲ್ಲ, ಅದರ ಕಿವಿ ಒಳಗೆ ನೋಡಿ. ಒಳಭಾಗ ಬಿಳುಪಾಗಿ ಅಂಚು ಮಾತ್ರ ಕಪ್ಪಾಗಿದ್ದರೆ ಅದಕ್ಕೆ ಅಮ್ಮನ ಏ ಕೂಡ ಸಿಕ್ಕಿದೆ, ಅದು ಹಿಮಾಲಯನ್ ವೇಷದ ಕಾಡುಬಣ್ಣ.

ತಾರಸಿಗೂಡು | ಡಿಸೆಂಬರ್ 15, ರಾತ್ರಿ 8:40

ನೋಡಿದೆ. ಅಂಚು ಕಾಡಿಗೆ ಗೆರೆ ಎಳೆದ ಹಾಗಿದೆ, ಒಳಗೆ ಬಿಳಿ. ಬೇರೆ ಎರಡಕ್ಕೆ ಕಿವಿ ಪೂರ್ತಿ ಮಸಿ.

ಮಾವನವರಿಗೆ ಇಡೀ ಕಥೆ ಓದಿ ಹೇಳಿದೆ. ಕೊನೆವರೆಗೂ ಕೇಳಿದರು. "ಹಾಗಾದರೆ ಕಾಡಿನ ಬಣ್ಣ ಆ ಬಿಳೀದರ ಒಳಗೇ ಇತ್ತು ಅಂತಾಯ್ತು. ನಾನೂ ಅದೇ ಅಲ್ವಾ ಹೇಳಿದ್ದು?" ಅಂದು ಎದ್ದು ಹೋದರು.

ಮುಂದಿನ ಪ್ರಶ್ನೆ: ಬೂದಿ ಬೆನ್ನಿನ ಮರಿ ಹೆಣ್ಣು, ಅದನ್ನು ಮಗ ಯಾರಿಗೂ ಕೊಡಲ್ಲ ಅಂತಾನೆ. ಅದನ್ನೂ ಅಣ್ಣತಮ್ಮಂದಿರನ್ನೂ ಯಾವಾಗ ಬೇರೆ ಮಾಡಬೇಕು?

ಕ್ಯಾರೆಟ್ ಬೇಡ | ಡಿಸೆಂಬರ್ 15, ರಾತ್ರಿ 9:05

ಮೂರು ತಿಂಗಳು ತುಂಬೋ ಮುಂಚೆ. ಫೆಬ್ರವರಿ ಮೊದಲ ವಾರ ದಾಟಿಸಬೇಡಿ, ಅಪ್ಪನಿಂದಲೂ ದೂರ ಇಡಿ. ಗಂಡು ಹೆಣ್ಣು ಗುರುತಿಸೋಕೆ ಬರದಿದ್ದರೆ ವೈದ್ಯರ ಹತ್ತಿರ ತೋರಿಸಿ, ಅಂಗಡಿಯವರ ಮಾತು ನಂಬಿ ಆಮೇಲೆ ನನಗೆ ಫೋನ್ ಮಾಡೋರೇ ಜಾಸ್ತಿ. ಕಪ್ಪು ಎರಡಕ್ಕೆ ಜಯನಗರದಲ್ಲಿ ಒಂದು ಒಳ್ಳೇ ಮನೆ ಗೊತ್ತಿದೆ, ಎರಡನ್ನೂ ಒಟ್ಟಿಗೇ ತಗೊಳ್ತಾರೆ. ಮೆಸೇಜ್ ಮಾಡಿ.

ಹೆಸರಘಟ್ಟ ರಸ್ತೆ | ಡಿಸೆಂಬರ್ 15, ರಾತ್ರಿ 9:30

ಕಾಡುಬಣ್ಣದ ಮೂರೂ ನನಗೆ ಇರಲಿ ಮೇಡಂ. ಹುಲ್ಲು, ಕುದುರೆಮಸಾಲೆ ನಮ್ಮಲ್ಲೇ ಬೆಳೀತೀವಿ. ಈಗ ಹೆಂಚಿನ ಮಾಡು. ಮೊದಲ ದಿನ ಗಬ್ಬದ ಹೆಣ್ಣು ಅಂತ ಹೇಳಿದ್ದಕ್ಕೆ ಮನಸ್ಸಿಗೆ ಹಚ್ಕೋಬೇಡಿ.

ತಾರಸಿಗೂಡು | ಡಿಸೆಂಬರ್ 15, ರಾತ್ರಿ 9:44

ಅಯ್ಯೋ, ಏನಿಲ್ಲ ಸರ್. ಜನವರಿ ಮೊದಲ ವಾರ ಬನ್ನಿ, ಆರು ವಾರ ತುಂಬಿರುತ್ತೆ. ಮಾವನವರೂ ಮನೇಲಿರ್ತಾರೆ, ಮಾತಿಗೆ ಸಿಕ್ತಾರೆ.

ಬಟಾಣಿ ಮೇಷ್ಟ್ರು | ಡಿಸೆಂಬರ್ 16, ಬೆಳಗ್ಗೆ 6:05

ಬೂದಿ ಬೆನ್ನಿನದಕ್ಕೆ ಹೆಸರಿಟ್ಟಾಯಿತೇ? ಆ ಬೂದಿ ಮೊದಲ ಸಲ ಕೂದಲು ಬದಲಾದಾಗ ಹೋಗಿಬಿಡುತ್ತೆ, ಅಷ್ಟರೊಳಗೆ ಒಂದು ಒಳ್ಳೆ ಫೋಟೋ ತೆಗೆದಿಡಿ. ಮೂಗಿನದೂ ಒಂದು. ಮೇ ತಿಂಗಳಲ್ಲಿ ಅದೇ ಮೂಗಿನ ಇನ್ನೊಂದು ಬೇಕು, ಮರೀಬೇಡಿ.

ತಾರಸಿಗೂಡು | ಡಿಸೆಂಬರ್ 16, ಬೆಳಗ್ಗೆ 7:48

ಮಗ ಇಟ್ಟಾಯ್ತು ಮೇಷ್ಟ್ರೇ. ಸಿಹಿ.